ಕೀಬೋರ್ಡ್ ಶಾರ್ಟ್‌ಕಟ್: ಯಾವುದು ಉಪಯುಕ್ತ, ಯಾವುದು ಸುಳ್ಳು, ಯಾವುದು ಅಪಾಯ?

ನೂರಾರು ಶಾರ್ಟ್‌ಕಟ್‌ಗಳ ಉದ್ದನೆಯ ಪಟ್ಟಿಗಳು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಬರುತ್ತಲೇ ಇರುತ್ತವೆ. ಅಷ್ಟೂ ಯಾರಿಗೂ ಬೇಕಿಲ್ಲ. ಚಳ್ಳಕೆರೆಯ ಎಣ್ಣೆ ಮಿಲ್ಲಿನ ಲೆಕ್ಕ ಬರೆಯುವವರಿಗಾಗಲಿ, ಮೊಳಕಾಲ್ಮೂರಿನ ರೇಷ್ಮೆ ಸೀರೆ ಅಂಗಡಿಯಲ್ಲಿ ಬಿಲ್ ಹಾಕುವವರಿಗಾಗಲಿ ದಿನವೂ ಬಳಕೆಗೆ ಬರುವುದು ಕೆಲವೇ ಕೆಲವು. ವಿಂಡೋಸ್ ಕಂಪ್ಯೂಟರ್‌ನಲ್ಲಿ ಕಲಿಯಬೇಕಾದವನ್ನು ಮೊದಲು ನೋಡೋಣ.

ನಿಜವಾಗಿ ಸಮಯ ಉಳಿಸುವವು

• ಕಂಟ್ರೋಲ್ + ಎಸ್: ಕೆಲಸ ಉಳಿಸಲು. ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದ ಊರುಗಳಲ್ಲಿ ಇದೇ ಮೊದಲ ಪಾಠ.
• ಕಂಟ್ರೋಲ್ + ಝಡ್: ಈಗಷ್ಟೇ ಮಾಡಿದ ತಪ್ಪನ್ನು ಹಿಂದಕ್ಕೆ ಪಡೆಯಲು.
• ಕಂಟ್ರೋಲ್ + ಎಫ್: ಉದ್ದನೆಯ ಪಟ್ಟಿಯಲ್ಲಿ ಒಂದು ಹೆಸರು ಹುಡುಕಲು.
• ಕಂಟ್ರೋಲ್ + ಎಚ್: ವರ್ಡ್, ಎಕ್ಸೆಲ್‌ನಲ್ಲಿ ಒಂದು ಪದವನ್ನು ಎಲ್ಲ ಕಡೆ ಬದಲಿಸಲು. ಮೊಳಕಾಲ್ಮೂರು, ಮೊಳಕಾಲ್ಮುರು ಎಂದು ಎರಡೂ ರೀತಿ ಬರೆಯುವುದುಂಟು. ಇಡೀ ಕಡತದಲ್ಲಿ ಒಂದೇ ರೀತಿ ಮಾಡಲು ಇದೊಂದು ಸಾಕು.
• ಕಂಟ್ರೋಲ್ + ಅರ್ಧವಿರಾಮ (;): ಎಕ್ಸೆಲ್‌ನಲ್ಲಿ ಇಂದಿನ ದಿನಾಂಕ ತಾನೇ ಬರುತ್ತದೆ.
• ವಿಂಡೋಸ್ + ವಿ: ಇತ್ತೀಚೆಗೆ ಕಾಪಿ ಮಾಡಿದ್ದು ಪಟ್ಟಿಯಾಗಿ ಸಿಗುತ್ತದೆ. ಮೊದಲ ಸಲ ಆನ್ ಮಾಡಿಕೊಳ್ಳಬೇಕು. ಕಾಪಿ ಮಾಡಿದ ಪಾಸ್‌ವರ್ಡ್ ಕೂಡ ಅಲ್ಲಿ ಉಳಿಯಬಹುದು, ಎಚ್ಚರ.
• ವಿಂಡೋಸ್ + ಎಲ್: ಕುರ್ಚಿ ಬಿಟ್ಟು ಏಳುವಾಗ ಪರದೆಗೆ ಬೀಗ.
• ವಿಂಡೋಸ್ + ಸ್ಪೇಸ್: ಕನ್ನಡ ಕೀಬೋರ್ಡ್ ಸೇರಿಸಿಕೊಂಡಿದ್ದರೆ ಇಂಗ್ಲಿಷ್, ಕನ್ನಡಗಳ ನಡುವೆ ಬದಲಾಯಿಸಲು.

ನುಡಿ ಬಳಸುವವರಿಗೆ ಒಂದು ಮಾತು. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಈ ಕೀಲಿಮಣೆಯಲ್ಲಿ ಒತ್ತಕ್ಷರಕ್ಕೆ ಎಫ್ ಕೀ ಬಳಸಬೇಕು. ‘ಚಳ್ಳಕೆರೆ’ ಎಂದು ಬರೆಯಲು ಸಿ, ದೊಡ್ಡ ಎಲ್, ಎಫ್, ದೊಡ್ಡ ಎಲ್, ಕೆ, ಇ, ಆರ್, ಇ ಎಂದು 8 ಸಲ ಒತ್ತಿದರೆ ಸಾಕು. ದೊಡ್ಡ ಎಲ್ ಎಂದರೆ ಶಿಫ್ಟ್ ಹಿಡಿದು ಎಲ್ ಒತ್ತುವುದು.

ಎಫ್5 ಒತ್ತಿದರೆ ಕಂಪ್ಯೂಟರ್ ವೇಗವಾಗುತ್ತದೆಯೇ?

ಇಲ್ಲ. ಡೆಸ್ಕ್‌ಟಾಪ್‌ನಲ್ಲಿ ರಿಫ್ರೆಶ್ ಮಾಡಿದಾಗ ಅಲ್ಲಿರುವ ಐಕಾನ್‌ಗಳು ಮತ್ತೊಮ್ಮೆ ಮೂಡುತ್ತವೆ, ಅಷ್ಟೇ. ರ‍್ಯಾಮ್ ಖಾಲಿಯಾಗುವುದಿಲ್ಲ. ಯಂತ್ರ ನಿಧಾನವಾಗಿದ್ದರೆ ಕಂಟ್ರೋಲ್ + ಶಿಫ್ಟ್ + ಎಸ್ಕೇಪ್ ಒತ್ತಿ, ಯಾವ ಪ್ರೋಗ್ರಾಂ ಹೆಚ್ಚು ಮೆಮೊರಿ ತಿನ್ನುತ್ತಿದೆ ಎಂದು ನೋಡಿ.

ಇದನ್ನು ಮಾತ್ರ ಒತ್ತಬೇಡಿ

‘ನೀವು ರೋಬೋಟ್ ಅಲ್ಲ ಎಂದು ಸಾಬೀತುಪಡಿಸಿ’ ಎನ್ನುತ್ತಾ ಕೆಲವು ನಕಲಿ ಪುಟಗಳು ವಿಂಡೋಸ್ + ಆರ್, ನಂತರ ಕಂಟ್ರೋಲ್ + ವಿ, ಕೊನೆಗೆ ಎಂಟರ್ ಒತ್ತಲು ಹೇಳುತ್ತವೆ. 2024ರಿಂದ ಹೆಚ್ಚಾಗಿ ಕಾಣಿಸಿಕೊಂಡ ಈ ಮೋಸಕ್ಕೆ ಕ್ಲಿಕ್‌ಫಿಕ್ಸ್ ಎಂಬ ಹೆಸರಿದೆ. ನಿಮಗೆ ಗೊತ್ತಾಗದಂತೆ ಆ ಪುಟ ಒಂದು ಆದೇಶವನ್ನು ಕಾಪಿ ಮಾಡಿರುತ್ತದೆ. ವಿಂಡೋಸ್ + ಆರ್ ಒತ್ತಿದಾಗ ತೆರೆಯುವ ಪೆಟ್ಟಿಗೆಗೆ ಅದನ್ನು ಅಂಟಿಸಿ ಎಂಟರ್ ಒತ್ತಿದರೆ, ಪಾಸ್‌ವರ್ಡ್ ಕದಿಯುವ ತಂತ್ರಾಂಶವನ್ನು ನೀವೇ ಮನೆಯೊಳಗೆ ಕರೆದಂತೆ. ನಿಜವಾದ ಯಾವ ಪರೀಕ್ಷೆಯೂ ಹೀಗೆ ಮಾಡಲು ಕೇಳುವುದಿಲ್ಲ.

ಈಗಾಗಲೇ ಒತ್ತಿದ್ದರೆ ಕೂಡಲೇ ಇಂಟರ್‌ನೆಟ್ ಕಡಿದು, ಬೇರೆ ಸಾಧನದಿಂದ ಪಾಸ್‌ವರ್ಡ್‌ಗಳನ್ನು ಬದಲಿಸಿ, ಬ್ಯಾಂಕಿಗೆ ತಿಳಿಸಿ. ಹಣ ಹೋಗಿದ್ದರೆ ಸೈಬರ್ ಸಹಾಯವಾಣಿ 1930ಕ್ಕೆ ತಡಮಾಡದೆ ಕರೆ ಮಾಡಿ.

ಉದ್ದನೆಯ ಪಟ್ಟಿ ಮುಂದೆ ಕಳಿಸುವ ಮೊದಲು ಈ ಎಚ್ಚರಿಕೆಯನ್ನು ಕಳಿಸಿ ಎಂಬುದೇ ನಮ್ಮ ಮನವಿ.