ಕರಿ ಹರಿಯುವ ಓಟ, ನೀರು ದಾಟುವ ಓಟ

ಕಾರ ಹುಣ್ಣಿಮೆಯ ಸಂಜೆ ವಿಜಾಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಹಳ್ಳಿಗಳಲ್ಲಿ ಊರ ಅಗಸಿಯೇ ಓಟದ ಕೊನೆ. ಬೇವಿನ ತಪ್ಪಲು ಕಟ್ಟಿದ ಹಗ್ಗವೊಂದನ್ನು ಅಲ್ಲಿ ಅಡ್ಡ ಬಿಗಿದಿರುತ್ತಾರೆ, ಅದೇ ಕರಿ. ಹಿಂದಿನ ದಿನ, ಹೊನ್ನುಗ್ಗಿಯಂದು, ಹುಗ್ಗಿ ತಿಂದ ಎತ್ತುಗಳಿಗೆ ಅಂದು ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ, ಹಣೆಗೆ ಗೊಂಡೆ, ಬೆನ್ನಿಗೆ ಜೂಲ ಹಾಕಿ ಸಿಂಗರಿಸಿರುತ್ತಾರೆ. ಹಲಗೆಯ ಸದ್ದು ಏರುತ್ತಿದ್ದಂತೆ ಎತ್ತುಗಳು ಓಡಿ ಬರುತ್ತವೆ, ಅವುಗಳ ಹಗ್ಗ ಹಿಡಿದ ಗಂಡಾಳುಗಳೂ ಅದೇ ವೇಗದಲ್ಲಿ ಧೂಳೆಬ್ಬಿಸಿ ಓಡುತ್ತಾರೆ. ಮೊದಲು ಬಂದ ಎತ್ತು ಹಗ್ಗ ಹರಿದರೆ ಕರಿ ಹರಿದಂತೆ.

ಯಾವ ಬಣ್ಣದ ಎತ್ತು ಹರಿಯಿತು ಎಂಬುದೇ ಆ ರಾತ್ರಿಯ ಮಾತು. ಬಿಳಿ ಎತ್ತು ಹರಿದರೆ ಹಿಂಗಾರಿ ಚಲೋ, ಬಿಳಿಜೋಳ ಬರುತ್ತದೆ; ಕೆಂದೆತ್ತು ಹರಿದರೆ ಮುಂಗಾರಿ ಪೀಕು ಕೈಹಿಡಿಯುತ್ತದೆ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ ಹರಿಯುವ ನಾಡಿದು. ಡೋಣಿ ಹರಿದರೆ ಓಣಿಯೆಲ್ಲ ಜೋಳ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ಎರೆ ಭೂಮಿಯೂ ಇದೇ, ಮಳೆ ಕೈಕೊಟ್ಟ ವರ್ಷ ದುಡಿಯಲು ಊರು ಬಿಟ್ಟು ಹೋಗಬೇಕಾದ ಭೂಮಿಯೂ ಇದೇ. ಬಿತ್ತನೆಯ ಹೊತ್ತಿಗೆ ಬರುವ ಈ ಓಟದಲ್ಲಿ ಇಡೀ ವರ್ಷದ ಅನ್ನದ ಚಿಂತೆ ಇದೆ. ಬಸವಣ್ಣನವರು ಹುಟ್ಟಿದ ಬಾಗೇವಾಡಿಯಲ್ಲಂತೂ ಊರದೇವರೇ ಮೂಲನಂದೀಶ್ವರ. ಎತ್ತಿಗೆ ಸಿಗುವ ಗೌರವ ಅಲ್ಲಿ ಹಬ್ಬದ ಒಂದು ದಿನಕ್ಕೆ ಸೀಮಿತವಲ್ಲ.

ಗೆದ್ದ ಎತ್ತಿನ ಬಣ್ಣವನ್ನು ಊರು ಮುಂದಿನ ಕಾರ ಹುಣ್ಣಿಮೆಯವರೆಗೂ ನೆನಪಿಡುತ್ತದೆ. ಅದರ ಪಕ್ಕದಲ್ಲಿ ಬರಿಗಾಲಲ್ಲಿ ಓಡಿದವನ ಹೆಸರು ಮಾತ್ರ ಎಲ್ಲೂ ದಾಖಲಾಗುವುದಿಲ್ಲ. ಕಲ್ಲು, ಕೊರಕಲು, ಜನರ ನುಗ್ಗಾಟಗಳ ನಡುವೆ ಹಗ್ಗ ಬಿಡದೆ, ಎಡವದೆ, ಎತ್ತಿನ ಹೆಜ್ಜೆಗೆ ಹೆಜ್ಜೆ ಕೂಡಿಸಿ ಓಡುವುದು ಸಣ್ಣ ವಿದ್ಯೆಯಲ್ಲ.

ಇಂಥ ಹಳ್ಳಿಯ ಓಟವೊಂದು ಬೇರೊಂದು ದೇಶದಲ್ಲಿ ಬೆಳೆದು ಒಲಿಂಪಿಕ್ಸ್ ಅಂಗಳ ಸೇರಿತು. ಐರ್ಲೆಂಡಿನ ಕಾರ್ಕ್ ಪ್ರಾಂತ್ಯದಲ್ಲಿ 1752ರಲ್ಲಿ ಕಾರ್ನೀಲಿಯಸ್ ಓ'ಕ್ಯಾಲಹನ್ ಮತ್ತು ಎಡ್ಮಂಡ್ ಬ್ಲೇಕ್ ಎಂಬಿಬ್ಬರು ಬಟೆವಂಟ್ ಊರಿನ ಚರ್ಚಿನಿಂದ ಡೋನರೇಲ್ ಊರಿನ ಚರ್ಚಿನವರೆಗೆ ಕುದುರೆ ಓಡಿಸಿ ಪಂಥ ಕಟ್ಟಿದರೆಂಬುದು ಪ್ರಸಿದ್ಧ ಕಥೆ. ದೂರಕ್ಕೆ ಕಾಣುವ ಗೋಪುರವೇ, ಅಂದರೆ ಸ್ಟೀಪಲ್ಲೇ, ಗುರಿ; ಅದಕ್ಕೇ ಇದು ಸ್ಟೀಪಲ್‌ಚೇಸ್. ನಡುವಿನ ಬೇಲಿ, ಒಡ್ಡು, ಹಳ್ಳಗಳನ್ನು ಹಾರಿಕೊಂಡೇ ಹೋಗಬೇಕು. ಸುಮಾರು ನೂರು ವರ್ಷಗಳ ನಂತರ, 1850ರಲ್ಲಿ, ಆಕ್ಸ್‌ಫರ್ಡಿನ ಎಕ್ಸೆಟರ್ ಕಾಲೇಜಿನ ಹುಡುಗರು ಕುದುರೆ ಬಿಟ್ಟು ತಾವೇ ಓಡಿದರು. ಸ್ಟೀಪಲ್‌ಚೇಸ್ ಮನುಷ್ಯರ ಓಟವಾದದ್ದು ಹೀಗೆ. ಬೇಲಿಯ ಜಾಗಕ್ಕೆ ಮರದ ತೊಲೆ ಬಂತು, ಹಳ್ಳದ ಜಾಗಕ್ಕೆ ನೀರಿನ ಗುಂಡಿ ಬಂತು.

ಒಲಿಂಪಿಕ್ಸ್‌ಗೆ ಇದು 1900ರಲ್ಲಿ ಪ್ಯಾರಿಸ್‌ನಲ್ಲೇ ಬಂದರೂ ಬಹಳ ಕಾಲ ಇದಕ್ಕೊಂದು ಖಚಿತ ಅಳತೆ ಇರಲಿಲ್ಲ. ಅಲ್ಲಿ 2500 ಮೀಟರ್ ಒಂದು, 4000 ಮೀಟರ್ ಇನ್ನೊಂದು. 1908ರ ಲಂಡನ್‌ನಲ್ಲಿ 3200. ಈಗಿನ 3000 ಮೀಟರ್ ಗೊತ್ತಾದದ್ದು 1920ರ ಆಂಟ್‌ವರ್ಪ್‌ನಲ್ಲಿ. ಬ್ರಿಟನ್ನಿನ ಪರ್ಸಿ ಹಾಡ್ಜ್ 10 ನಿಮಿಷ 0.4 ಸೆಕೆಂಡಿನಲ್ಲಿ ಗೆದ್ದ. ಅಳತೆ ಗೊತ್ತಾದ ಮೇಲೂ ಎಡವಟ್ಟು ತಪ್ಪಲಿಲ್ಲ. 1932ರ ಲಾಸ್ ಏಂಜಲೀಸ್ ಫೈನಲ್‌ನಲ್ಲಿ ಸುತ್ತು ಎಣಿಸುವವರ ಲೆಕ್ಕ ತಪ್ಪಿ ಓಟಗಾರರೆಲ್ಲ ಒಂದು ಸುತ್ತು ಹೆಚ್ಚಿಗೆ ಓಡಬೇಕಾಯಿತು. ಫಿನ್ಲೆಂಡಿನ ವೋಲ್ಮರಿ ಇಸೊ-ಹೊಲೊ ಹೇಗಿದ್ದರೂ ಮುಂದಿದ್ದ. 3000 ಮೀಟರ್ ಮುಗಿದಾಗ ಎರಡನೆಯವನಾಗಿದ್ದ ಅಮೆರಿಕದ ಜೋ ಮೆಕ್ಲಸ್ಕಿ ಮಾತ್ರ ಆ ಹೆಚ್ಚುವರಿ ಸುತ್ತಿನಲ್ಲಿ ಹಿಂದೆ ಬಿದ್ದು ಮೂರನೆಯವನಾದ. ಅವನಿಗೆ ಆದದ್ದು ಅನ್ಯಾಯವೇ.

ಆಂಟ್‌ವರ್ಪ್ ಹೆಸರು ಕೇಳಿದಾಗ ಕನ್ನಡ ನಾಡಿನವರಿಗೆ ನೆನಪಾಗಬೇಕಾದವನು ಹಾಡ್ಜ್ ಅಲ್ಲ, ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ. ಬೆಳಗಾವಿ, ವಿಜಾಪುರ ಎರಡೂ ಆಗ ಮುಂಬಯಿ ಪ್ರಾಂತ್ಯದ ನೆರೆಹೊರೆಯ ಜಿಲ್ಲೆಗಳು. 1919ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾ ನಡೆಸಿದ ಕೂಟದಲ್ಲಿ ಉದ್ಯಮಿ ದೊರಾಬ್ಜಿ ಟಾಟಾ ಬರಿಗಾಲ ಓಟಗಾರರನ್ನು ಕಂಡರು. ಹೆಚ್ಚಿನವರು ರೈತಾಪಿ ಮನೆಯ ಹುಡುಗರು. ತರಬೇತಿಯಿಲ್ಲ, ಓಟದ ನಿಯಮವೂ ಪೂರ್ತಿ ತಿಳಿಯದು. ಆದರೂ ಅವರ ವೇಗ ಯುರೋಪಿನ ಓಟಗಾರರ ಹತ್ತಿರ ಹತ್ತಿರ ಇತ್ತು. ಮುಂಬಯಿ ಗವರ್ನರ್ ಜಾರ್ಜ್ ಲಾಯ್ಡ್ ನೆರವಿನಿಂದ ಭಾರತಕ್ಕೆ ಒಲಿಂಪಿಕ್ಸ್ ಪ್ರವೇಶ ಸಿಕ್ಕಿತು. ಹೊರಟ ಆರು ಜನರಲ್ಲಿ ಚೌಗುಲೆ ಒಬ್ಬ. 42.75 ಕಿಲೋಮೀಟರಿನ ಮ್ಯಾರಥಾನನ್ನು 2 ಗಂಟೆ 50 ನಿಮಿಷ 45.4 ಸೆಕೆಂಡಿನಲ್ಲಿ ಮುಗಿಸಿ 19ನೆಯವನಾದ. ಗೆದ್ದವನು ಫಿನ್ಲೆಂಡಿನ ಹೆಸರಾಂತ ಹಾನೆಸ್ ಕೊಲೆಮೈನೆನ್, 2 ಗಂಟೆ 32 ನಿಮಿಷ 35.8 ಸೆಕೆಂಡಿನಲ್ಲಿ. ಅಂತರ ಹದಿನೆಂಟು ನಿಮಿಷ. ಹೊಲದ ಹಾದಿಯಿಂದ ಹಡಗು ಹತ್ತಿ ಹೋದ ಹುಡುಗನ ಪಾಲಿಗೆ ಇದು ಸೋಲೆಂದು ಕರೆಯುವಂಥದ್ದಲ್ಲ. ನಮ್ಮ ಪಠ್ಯಪುಸ್ತಕಗಳಲ್ಲಿ ಅವನಿಗೊಂದು ಪಾಠ ಸಲ್ಲಬೇಕಿತ್ತು.

ಮ್ಯಾರಥಾನಿಗೆ ದಾರಿಯೊಂದಿದ್ದರೆ ಸಾಕು, ಸ್ಟೀಪಲ್‌ಚೇಸ್‌ಗೆ ಸಾಲದು. ಗಂಡಸರ ಓಟದಲ್ಲಿ 28 ಸಲ ತೊಲೆ, 7 ಸಲ ನೀರು ದಾಟಬೇಕು. ತೊಲೆಯ ಎತ್ತರ 91.4 ಸೆಂಟಿಮೀಟರ್, ಹೆಚ್ಚುಕಡಿಮೆ ಒಬ್ಬ ಆಳಿನ ಸೊಂಟದ ಮಟ್ಟ. ಹರ್ಡಲ್ಸ್‌ನ ಚೌಕಟ್ಟು ಕಾಲು ತಗುಲಿದರೆ ಉರುಳುತ್ತದೆ. ಈ ತೊಲೆ ಮಿಸುಕಾಡುವುದಿಲ್ಲ, ಉರುಳುವವನು ಓಟಗಾರ. ನೀರಿನ ಗುಂಡಿ 3.66 ಮೀಟರ್ ಉದ್ದ. ತೊಲೆಯ ಬುಡದಲ್ಲಿ ಆಳವಾಗಿದ್ದು ಮುಂದೆ ಹೋದಂತೆ ಇಳಿಜಾರು ಮೇಲೇರಿ ನೆಲಕ್ಕೆ ಸೇರುತ್ತದೆ. ಹಾಗಾಗಿ ಒಂದು ಕಾಲನ್ನು ತೊಲೆಯ ಮೇಲಿಟ್ಟು, ಮೈಯನ್ನು ಮೇಲಕ್ಕಲ್ಲದೆ ಮುಂದಕ್ಕೆ ನೂಕಿ, ನೀರು ತೆಳ್ಳಗಿರುವ ಆಚೆ ಅಂಚಿಗೆ ಇನ್ನೊಂದು ಕಾಲು ಇಳಿಸುತ್ತಾರೆ. ಹೆಜ್ಜೆಯ ಲೆಕ್ಕ ಒಂದು ಗೇಣು ತಪ್ಪಿದರೂ ಆಳಕ್ಕೆ ಬಿದ್ದು, ಎದ್ದು ಮತ್ತೆ ವೇಗ ಹಿಡಿಯುವಷ್ಟರಲ್ಲಿ ಜೊತೆಯವರು ದೂರ ಹೋಗಿರುತ್ತಾರೆ. ಕೊನೆಯ ಸುತ್ತುಗಳಲ್ಲಂತೂ ಒದ್ದೆ ಬೂಟು, ಸೋತ ತೊಡೆ, ಕಣ್ಣೆದುರು ಅದೇ ತೊಲೆ.

ಕೀನ್ಯಾದ ಆಮೋಸ್ ಬಿವೊಟ್ 1968ರ ಮೆಕ್ಸಿಕೊದಲ್ಲಿ ಪಾದ ನೆನೆಯದಂತೆ ಆ ಗುಂಡಿಯನ್ನೇ ಹಾರಿ ಚಿನ್ನ ಗೆದ್ದ. ಅಲ್ಲಿಂದ 2016ರವರೆಗೆ, ಕೀನ್ಯಾ ಬಹಿಷ್ಕರಿಸಿದ ಎರಡು ಒಲಿಂಪಿಕ್ಸ್ ಬಿಟ್ಟರೆ, ಗಂಡಸರ ಚಿನ್ನವೆಲ್ಲ ಆ ದೇಶದ್ದೇ. ಭಾರತದಲ್ಲಿ ಗೋಪಾಲ್ ಸೈನಿ 1981ರಲ್ಲಿ ಟೋಕಿಯೊದಲ್ಲಿ ಓಡಿದ 8 ನಿಮಿಷ 30.88 ಸೆಕೆಂಡಿನ ದಾಖಲೆ 37 ವರ್ಷ ಹಾಗೇ ಉಳಿಯಿತು. 2018ರಲ್ಲಿ ಭುವನೇಶ್ವರದಲ್ಲಿ ಅದನ್ನು ಮುರಿದವನು ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಆಷ್ಟಿ ತಾಲ್ಲೂಕಿನ ಮಾಂಡವಾ ಗ್ರಾಮದ ಅವಿನಾಶ್ ಸಾಬಳೆ.

ಆಷ್ಟಿಯ ನೆಲ ಕಂಡವರಿಗೆ ಇಂಡಿ, ಸಿಂದಗಿ ನೆನಪಾಗದೆ ಇರದು: ಮಳೆ ಕಡಿಮೆ, ಜೋಳ, ಗುಳೆ. ಶಾಲೆಗೆ ಕಿಲೋಮೀಟರುಗಟ್ಟಲೆ ಓಡಿಯೇ ಹೋಗುತ್ತಿದ್ದ ಹುಡುಗ ಸೈನ್ಯ ಸೇರಿ ಸಿಯಾಚಿನ್‌ನಲ್ಲೂ ದುಡಿದ. ಸ್ಟೀಪಲ್‌ಚೇಸ್ ಕಲಿತದ್ದು ಸೈನ್ಯಕ್ಕೆ ಸೇರಿದ ಮೇಲೆ, ಇಪ್ಪತ್ತು ದಾಟಿದ ವಯಸ್ಸಿನಲ್ಲಿ. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದಲ್ಲಿ 8 ನಿಮಿಷ 11.20 ಸೆಕೆಂಡ್ ಓಡಿ ಬೆಳ್ಳಿ ಗೆದ್ದಾಗ ಕೀನ್ಯಾದ ಅಬ್ರಹಾಂ ಕಿಬಿವೊಟ್‌ಗಿಂತ ಹಿಂದಿದ್ದದ್ದು ಬರೀ 0.05 ಸೆಕೆಂಡ್. 2023ರ ಅಕ್ಟೋಬರ್ 1ರಂದು ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 8 ನಿಮಿಷ 19.50 ಸೆಕೆಂಡಿನ ಕೂಟ ದಾಖಲೆಯೊಂದಿಗೆ ಚಿನ್ನ. ಈ ಓಟದಲ್ಲಿ ಭಾರತದ ಗಂಡಸೊಬ್ಬ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದದ್ದು ಅದೇ ಮೊದಲು.

ಎತ್ತಿನ ಓಟಕ್ಕೂ ಅದೇ ವರ್ಷ ನೆಮ್ಮದಿ ತಂದಿತು: ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಕಂಬಳ ಮತ್ತು ಎತ್ತಿನ ಗಾಡಿ ಓಟಗಳಿಗೆ ಅವಕಾಶ ಕೊಟ್ಟ ಕರ್ನಾಟಕದ ಕಾಯ್ದೆಯನ್ನು ಎತ್ತಿಹಿಡಿಯಿತು. ಇಂಥ ಓಟಗಳನ್ನು ನಿಷೇಧಿಸಿದ್ದ 2014ರ ತೀರ್ಪಿನಿಂದ ಹುಟ್ಟಿದ್ದ ಆತಂಕ ಅಲ್ಲಿಗೆ ಮುಗಿಯಿತು. ಎತ್ತಿಗೆ ಹಿಂಸೆಯಾಗದಂತೆ ಓಟ ನಡೆಯಬೇಕೆಂಬುದು ನ್ಯಾಯವಾದ ಮಾತು. ಹೊಲಕ್ಕೆ ಟ್ರ್ಯಾಕ್ಟರ್ ಬಂದು ಕೊಟ್ಟಿಗೆಯಲ್ಲಿ ಎತ್ತೇ ಇಲ್ಲವಾಗುತ್ತಿರುವ ಈ ದಿನಗಳಲ್ಲಿ ಸಾಕಿದವರು ಅದನ್ನು ಮಗನಂತೆ ನೋಡಿಕೊಳ್ಳುವುದೂ ಅಷ್ಟೇ ನಿಜ.

ಎತ್ತಿನ ಜೊತೆ ಓಡುವ ಹುಡುಗರ ಕಡೆ ಇನ್ನು ಕಣ್ಣು ಹಾಯಬೇಕು. ಹೊಲದ ಬದು, ಒಡ್ಡು, ಮಳೆಗಾಲದ ಹಳ್ಳ ದಾಟಿ ಬೆಳೆದ ಕಾಲುಗಳಿಗೆ ಬರೀ ಸುಣ್ಣದ ಗೆರೆ ಎಳೆದ ಮೈದಾನದಲ್ಲಿ ಸ್ಟೀಪಲ್‌ಚೇಸ್ ಕಲಿಸಲಾಗದು. ಸಾಬಳೆಯಂತೆ ಸೈನ್ಯ ಸೇರುವವರೆಗೆ ಅವರು ಕಾಯಬೇಕಾಗಿಲ್ಲ. ಇಂಡಿಯಲ್ಲೋ ಮುದ್ದೇಬಿಹಾಳದಲ್ಲೋ ತಾಲ್ಲೂಕು ಮೈದಾನದ ಒಂದು ಮೂಲೆಯಲ್ಲಿ ನಿಯಮದ ಅಳತೆಯ ಗುಂಡಿ ತೋಡಿಸಿ, ಮುಂದೊಂದು ಗಟ್ಟಿ ತೊಲೆ ನಿಲ್ಲಿಸಿ, ಕಲಿಸುವ ಒಬ್ಬ ಕೋಚ್‌ನನ್ನು ನೇಮಿಸುವ ಕೆಲಸ ಜಿಲ್ಲಾ ಆಡಳಿತಕ್ಕೆ ಮೀರಿದ್ದಲ್ಲ.