ಸಿ ಲೈಬ್ರರಿಗಳಲ್ಲಿ ಮಾರಕ ದೋಷಗಳ ನಿರ್ವಹಣೆ

ಸಿ ಭಾಷೆಯ ಲೈಬ್ರರಿಯೊಂದು ಕೆಲಸ ಮುಂದುವರಿಸಲಾಗದ ಸ್ಥಿತಿಗೆ ಬಂದಾಗ, ತನ್ನನ್ನು ಕರೆದ ಪ್ರೋಗ್ರಾಮಿಗೆ ಆ ಸುದ್ದಿ ಮುಟ್ಟಿಸುವ ಕ್ರಮ. ಮೆಮೊರಿ ಸಿಗದಿರುವುದು, ಫೈಲು ಕೆಟ್ಟಿರುವುದು, ಸಂಪರ್ಕ ಕಡಿದುಹೋಗುವುದು ಸಾಮಾನ್ಯ ಕಾರಣಗಳು. ಸಿ++ನಲ್ಲಿರುವಂಥ ಎಕ್ಸೆಪ್ಶನ್ ಸೌಲಭ್ಯ ಸಿಯಲ್ಲಿಲ್ಲ. ಹಾಗಾಗಿ ಲೈಬ್ರರಿಗೊಂದು ಪದ್ಧತಿ.

ಮುಖ್ಯ ವಿಧಾನಗಳು

ದೋಷಸಂಖ್ಯೆ ಹಿಂದಿರುಗಿಸುವುದು ಸರಳ ದಾರಿ. ಜೆಡ್‌ಲಿಬ್‌ನಲ್ಲಿ ದತ್ತಾಂಶ ಕೆಟ್ಟಿದ್ದರೆ -3, ಮೆಮೊರಿ ಸಾಲದಿದ್ದರೆ -4 ಬರುತ್ತದೆ; ಅದನ್ನು ಗಮನಿಸುವುದು ಕರೆದವರ ಹೊಣೆ. ಇನ್ನೊಂದು ತುದಿಯಲ್ಲಿ ಜಿಲಿಬ್‌ನ ಜಿ_ಮ್ಯಾಲಕ್ ಇದೆ: ಮೆಮೊರಿ ಸಿಗದಿದ್ದರೆ ಅದು ಪ್ರೋಗ್ರಾಮನ್ನೇ ನಿಲ್ಲಿಸಿಬಿಡುತ್ತದೆ. ಬೇಡವೆನ್ನುವವರಿಗೆ ಜಿ_ಟ್ರೈ_ಮ್ಯಾಲಕ್ ಉಂಟು. ಕಮಾಂಡ್‌ಲೈನಿನ ಪುಟ್ಟ ಪ್ರೋಗ್ರಾಮಿಗೆ ಈ ಕಟ್ಟುನಿಟ್ಟು ನಡೆದೀತು. ಹಗಲಿರುಳು ಓಡಬೇಕಾದ ಸರ್ವರಿಗೆ ನಡೆಯದು.

ಲಿಬ್‌ಜೆಪೆಗ್ ಮಾದರಿ

ಟಾಮ್ ಲೇನ್ ಮುಂದಾಳುತನದ ಇಂಡಿಪೆಂಡೆಂಟ್ ಜೆಪೆಗ್ ಗ್ರೂಪ್ 1991ರಲ್ಲಿ ಮೊದಲು ಬಿಡುಗಡೆ ಮಾಡಿದ ಲಿಬ್‌ಜೆಪೆಗ್, ಈ ಎರಡರ ನಡುವಿನ ದಾರಿಗೆ ಬಹುಶಃ ಅತಿ ಹೆಚ್ಚು ಅನುಕರಣೆಗೊಂಡ ಉದಾಹರಣೆ. ಅದರಲ್ಲಿ ಎರರ್_ಎಕ್ಸಿಟ್ ಎಂಬ ಫಂಕ್ಷನ್ ಪಾಯಿಂಟರ್ ಇದೆ. ಸುಮ್ಮನೆ ಬಿಟ್ಟರೆ ಅದು ಸಂದೇಶ ಮುದ್ರಿಸಿ ಪ್ರೋಗ್ರಾಮನ್ನು ಮುಗಿಸುತ್ತದೆ. ಅಲ್ಲಿಗೆ ನಮ್ಮದೇ ಫಂಕ್ಷನ್ ಕೂರಿಸಬಹುದು, ಆದರೆ ಅದು ಲೈಬ್ರರಿಗೆ ಮರಳುವಂತಿಲ್ಲ. ಆದ್ದರಿಂದ ಸೆಟ್‌ಜಂಪ್ ಕರೆದು ಮೊದಲೇ ಗುರುತು ಹಾಕಿಟ್ಟ ಜಾಗಕ್ಕೆ ನಡುವಿನ ಫಂಕ್ಷನ್‌ಗಳನ್ನು ದಾಟಿ ನೇರ ಜಿಗಿಯುವ ಲಾಂಗ್‌ಜಂಪ್ ಅನಿವಾರ್ಯ.

ಸೆಟ್‌ಜಂಪ್ ಮೊದಲ ಸಲ ಸೊನ್ನೆ ಕೊಡುತ್ತದೆ. ಲಾಂಗ್‌ಜಂಪ್ ನಡೆದಾಗ ಅದೇ ಕರೆ ಸೊನ್ನೆಯಲ್ಲದ ಬೆಲೆ ಹೊತ್ತು ಮತ್ತೊಮ್ಮೆ ಮರಳುತ್ತದೆ. ನಡುವಿನ ಫಂಕ್ಷನ್‌ಗಳು ಪಡೆದಿದ್ದ ಮೆಮೊರಿಯನ್ನು ಬಿಡಿಸುವವರು ಯಾರು? ಲಿಬ್‌ಜೆಪೆಗ್ ತನ್ನ ಮೆಮೊರಿಯನ್ನೆಲ್ಲ ತನ್ನದೇ ಪೂಲ್‌ಗಳಲ್ಲಿ ಲೆಕ್ಕ ಇಡುವುದರಿಂದ ಜೆಪೆಗ್_ಡಿಸ್ಟ್ರಾಯ್ ಒಂದೇ ಏಟಿಗೆ ಎಲ್ಲವನ್ನೂ ಬಿಡಿಸುತ್ತದೆ. ಈ ಲೆಕ್ಕ ಇಡದೆ ಜಿಗಿತವನ್ನಷ್ಟೇ ನಕಲು ಮಾಡಿದರೆ ಮೆಮೊರಿ ಸೋರುತ್ತದೆ.

ಸೋರಿಕೆಗೆ ಇನ್ನೊಂದು ಸೂಕ್ಷ್ಮ ಕಾರಣವೂ ಇದೆ. ಸೆಟ್‌ಜಂಪ್‌ಗೆ ಮುನ್ನ ನಲ್ ಆಗಿದ್ದ ಬಫರ್ ಪಾಯಿಂಟರಿಗೆ ಆಮೇಲೆ ಮ್ಯಾಲಕ್ ವಿಳಾಸ ಸಿಕ್ಕಿತೆನ್ನಿ. ಕಂಪೈಲರ್ ಅದನ್ನು ರಿಜಿಸ್ಟರಿನಲ್ಲಿ ಇಟ್ಟಿದ್ದರೆ, ಜಿಗಿದು ಬಂದಾಗ ಹಳೆಯ ನಲ್ಲೇ ಕಾಣಬಹುದು. ಆಗ ಫ್ರೀ ಕರೆದರೂ ಏನೂ ಬಿಡುಗಡೆಯಾಗದು. ವೊಲಟೈಲ್ ಎಂದು ಘೋಷಿಸದ ಇಂಥ ಸ್ಥಳೀಯ ವೇರಿಯಬಲ್ಲುಗಳ ಬೆಲೆಗೆ 1989ರ ಸಿ ಮಾನಕದಿಂದಲೂ ಖಾತರಿಯಿಲ್ಲ.

ಇತರ ಲೈಬ್ರರಿಗಳು

1995ರ ಲಿಬ್‌ಪಿಎನ್‌ಜಿ ಇದೇ ದಾರಿ ಹಿಡಿಯಿತು. ಲುವಾ ಭಾಷೆಯಲ್ಲಿ ದೋಷ ಹಿಡಿಯುವ ಲುವಾ_ಪಿಕಾಲ್ ರಕ್ಷಣೆಯ ಹೊರಗೆ ದೋಷ ಎದ್ದರೆ ಪ್ಯಾನಿಕ್ ಫಂಕ್ಷನ್, ಅದೂ ಮರಳಿದರೆ ಅಬಾರ್ಟ್. ಲೇನ್ ಮುಂದೆ ದುಡಿದ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಒಳಗೂ ಜಿಗಿತವೇ ಆಧಾರ. ಅಲ್ಲಿ ಎರರ್ ಮಟ್ಟದ ದೋಷ ಚಾಲ್ತಿಯಲ್ಲಿರುವ ವ್ಯವಹಾರವನ್ನು, ಫೇಟಲ್ ಆ ಒಂದು ಸೆಷನ್ನನ್ನು, ಪ್ಯಾನಿಕ್ ಎಲ್ಲ ಸೆಷನ್‌ಗಳನ್ನೂ ಮುಗಿಸುತ್ತದೆ. ಎಕ್ಸ್ ವಿಂಡೋ ವ್ಯವಸ್ಥೆಯ ಎಕ್ಸ್‌ಲಿಬ್ ಮಾತ್ರ ಬಹುಕಾಲ ಹಠ ಬಿಡಲಿಲ್ಲ: ಸರ್ವರಿನ ಸಂಪರ್ಕ ಕಡಿದು, ನಾವು ಕೂರಿಸಿದ ಫಂಕ್ಷನ್ ಮರಳಿದರೂ ಅದು ಎಕ್ಸಿಟ್ ಕರೆಯುತ್ತಿತ್ತು. ಆ ಕೊನೆಯ ಹೆಜ್ಜೆಯನ್ನೂ ಬದಲಿಸುವ ಅವಕಾಶ ಬಂದದ್ದು 2020ರ 1.7.0 ಆವೃತ್ತಿಯಲ್ಲಿ.