ಸಿಂಹಾಸನವೂ ದಾರಿಯೂ: ‘ತುಘಲಕ್’ ನಾಟಕದ ಪ್ರೇಕ್ಷಕರನ್ನು ಕುರಿತು

ಚರಿತ್ರೆಯ ವಸ್ತುವುಳ್ಳ ನಾಟಕವೊಂದನ್ನು ಪರಿಶೀಲಿಸುವಾಗ, ಅದರಲ್ಲಿ ಆಕರಗಳಿಗೆ ನಿಷ್ಠವಾದುದೆಷ್ಟು, ಕವಿಕಲ್ಪಿತವೆಷ್ಟು ಎಂದು ಕೇಳುವುದು ನಮ್ಮ ವಿದ್ವಾಂಸರಲ್ಲಿ ರೂಢಿ. ಆ ಪ್ರಶ್ನೆ ನಿರರ್ಥಕವೆಂದು ನಾವು ಹೇಳುವುದಿಲ್ಲ. ಆದರೆ ನಾಟಕವನ್ನು ನೋಡಿದ ಜನ ಅದರಲ್ಲಿ ಏನನ್ನು ಕಂಡರು, ಕಣ್ಣೆದುರಿಗಿದ್ದರೂ ಏನನ್ನು ಗಮನಿಸದೆ ಹೋದರು ಎಂಬುದೂ ಚರಿತ್ರಕಾರನಿಗೆ ಸಾಮಗ್ರಿಯೇ. ಗಿರೀಶ ಕಾರ್ನಾಡರ ‘ತುಘಲಕ್’ ನಾಟಕವನ್ನು ಈ ದೃಷ್ಟಿಯಿಂದ ನೋಡುವುದು ಇಲ್ಲಿ ನಮ್ಮ ಉದ್ದೇಶ.

ಈ ನಾಟಕ ಪ್ರಕಟವಾದುದು ೧೯೬೪ರಲ್ಲಿ. ಕರ್ತೃವಿಗೆ ಆಗ ಇಪ್ಪತ್ತಾರರ ವಯಸ್ಸು. ಅದೇ ವರ್ಷದ ಮೇ ತಿಂಗಳಿನಲ್ಲಿ ಜವಾಹರಲಾಲ ನೆಹರು ನಿಧನರಾದರು. ಆದರ್ಶವಾದಿಯೂ ಮೇಧಾವಿಯೂ ಆದ ಅರಸನೊಬ್ಬ ತನ್ನ ಯೋಜನೆಗಳೆಲ್ಲ ಒಂದೊಂದಾಗಿ ಕುಸಿಯುವುದನ್ನು ಕಾಣುವ ಈ ಕಥೆಯಲ್ಲಿ ಅಂದಿನ ಪ್ರೇಕ್ಷಕರು ತಮ್ಮ ಕಾಲದ ಭಗ್ನ ಭರವಸೆಯನ್ನೇ ಕಂಡರು. ಹಿಂದೆ ನಮ್ಮ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದ ಯು. ಆರ್. ಅನಂತಮೂರ್ತಿಯವರು ಇದರ ಇಂಗ್ಲಿಷ್ ಅನುವಾದಕ್ಕೆ ಬರೆದ ಪ್ರಸ್ತಾವನೆಯಲ್ಲಿ ಈ ಅರ್ಥವನ್ನು ಸ್ಪಷ್ಟವಾಗಿ ಪ್ರತಿಪಾದಿಸಿದರು; ಬಳಿಕ ಅದು ಪಠ್ಯಪುಸ್ತಕದ ಮಾತಾಯಿತು. ಸಿ. ಆರ್. ಸಿಂಹ ಅವರ ತುಘಲಕನನ್ನು ನೋಡಿದ ಹಿರಿಯರನ್ನು ವಿಚಾರಿಸಿದರೆ, ಅವರು ಇಂದಿಗೂ ಹೇಳುವುದು ಆ ನಟನ ಕಂಠವನ್ನೂ ನಿಲುವನ್ನೂ ಕುರಿತೇ. ನಾಟಕಕ್ಕೆ ಬಹು ಹಿಂದಿನಿಂದಲೂ ಜನರ ಬಾಯಲ್ಲಿರುವ ‘ತುಘಲಕ್ ದರ್ಬಾರು’ ಎಂಬ ಮಾತನ್ನೂ ಗಮನಿಸಬೇಕು. ಅದು ಅಪ್ಪಣೆ ಕೊಡುವವನ ಹುಚ್ಚನ್ನು ಹೇಳುತ್ತದೆ; ಅಪ್ಪಣೆಯಂತೆ ನಡೆದವರ ಪಾಡನ್ನು ಹೇಳುವುದಿಲ್ಲ. ತಮಿಳಿನಲ್ಲಿ ಚೋ ರಾಮಸ್ವಾಮಿಯವರು ೧೯೬೮ರಲ್ಲಿ ಅದೇ ಸುಲ್ತಾನನನ್ನು ರಂಗಕ್ಕೆ ತಂದಾಗಲೂ ನಗೆಯ ಗುರಿ ಅಧಿಕಾರಸ್ಥರೇ ಆಗಿದ್ದರು.

ಆದರೆ ಈ ನಾಟಕದ ಬೆನ್ನೆಲುಬಾಗಿರುವ ಘಟನೆ ಯಾವುದು? ಒಂದು ನಗರದ ಜನ ಮನೆ ಬಿಟ್ಟು ಹೊರಟುದು. ಕ್ರಿ.ಶ. ೧೩೨೭ರ ಈ ರಾಜಧಾನಿಯ ಬದಲಾವಣೆಯನ್ನು ಕುರಿತು ನಮಗೆ ಮುಖ್ಯವಾಗಿ ಮೂರು ಸಾಕ್ಷ್ಯಗಳಿವೆ. ಬರನಿ ಆಸ್ಥಾನದಲ್ಲಿದ್ದವನು; ಮುಪ್ಪಿನಲ್ಲಿ, ಸುಲ್ತಾನನು ತೀರಿಕೊಂಡ ಮೇಲೆ ಬರೆದವನು. ದೆಹಲಿಯಲ್ಲಿ ನಾಯಿ ಬೆಕ್ಕುಗಳೂ ಉಳಿಯಲಿಲ್ಲವೆಂಬ ಅವನ ಮಾತು ಉತ್ಪ್ರೇಕ್ಷೆಯೆಂಬುದರಲ್ಲಿ ಸಂಶಯವಿಲ್ಲ. ಇಬ್ನ್ ಬತೂತ ದೆಹಲಿಗೆ ಬಂದುದು ಏಳು ವರ್ಷಗಳ ತರುವಾಯ. ಎಳೆದೊಯ್ದ ಕುರುಡನ ಕಾಲೊಂದೇ ದೌಲತಾಬಾದನ್ನು ಮುಟ್ಟಿತೆಂಬ ಅವನ ಕಥೆ ಕೇಳಿ ಬರೆದದ್ದು. ಸ್ಥಳಾಂತರಗೊಂಡವರು ಬಹುಮಟ್ಟಿಗೆ ಮುಸಲ್ಮಾನ ಗಣ್ಯವರ್ಗದವರೇ ಹೊರತು ನಗರದ ಸಮಸ್ತ ಜನರಲ್ಲವೆಂದು ಮಹ್ದಿ ಹುಸೇನರು ವಾದಿಸಿದ್ದಾರೆ. ಆ ವಾದಕ್ಕೆ ಬಲವಿದೆ. ಮೂರನೆಯವನಾದ ಇಸಾಮಿಯದು ಬೇರೆ ಬಗೆಯ ಸಾಕ್ಷ್ಯ. ಅವನು ಆ ದಾರಿಯನ್ನು ನಡೆದವನು. ಹದಿನಾರರ ಆಸುಪಾಸಿನ ಹುಡುಗನಾಗಿ ದೆಹಲಿಯನ್ನು ಬಿಟ್ಟ. ಜತೆಯಲ್ಲಿದ್ದ ತೊಂಬತ್ತು ವಯಸ್ಸಿನ ಅಜ್ಜ ಮೊದಲನೆಯ ತಂಗುದಾಣವಾದ ತಿಲಪತ್‌ನಲ್ಲಿಯೇ ಪ್ರಾಣ ಬಿಟ್ಟ. ಸುಲ್ತಾನನ ಮೇಲೆ ಇಸಾಮಿಗಿದ್ದ ದ್ವೇಷ ಅವನ ಗ್ರಂಥದ ಪುಟಪುಟದಲ್ಲಿ ಕಾಣುತ್ತದೆ. ಆದಕಾರಣ ಅವನನ್ನು ಪಕ್ಷಪಾತಿಯೆಂದು ಬದಿಗಿಡುವವರೂ ಉಂಟು. ನಮಗಾದರೋ ಆ ದ್ವೇಷವೂ ಒಂದು ದಾಖಲೆಯಾಗಿ ತೋರುತ್ತದೆ. ೧೩೫೦ರಲ್ಲಿ ಮುಗಿದ ಅವನ ಕಾವ್ಯ ಅರ್ಪಿತವಾದುದು ಅಲಾವುದ್ದೀನ್ ಬಹಮನ್ ಷಹನಿಗೆ. ಎಂದರೆ ದಖ್ಖನಿನಲ್ಲಿ ದಂಗೆಯೆದ್ದು ೧೩೪೭ರಲ್ಲಿ ಕಲಬುರಗಿಯ ರಾಜ್ಯವನ್ನು ಕಟ್ಟಿದವನಿಗೆ. ಹೀಗೆ ದೌಲತಾಬಾದಿನ ದಾರಿ ಕನ್ನಡನಾಡಿನ ಚರಿತ್ರೆಯೊಳಕ್ಕೂ ಬಂದು ಸೇರುತ್ತದೆ.

ಕಾರ್ನಾಡರು ಈ ದಾರಿಯನ್ನು ಬಿಟ್ಟಿಲ್ಲ. ಸಾಯುತ್ತಿರುವ ಮಗುವನ್ನು ವೈದ್ಯನಲ್ಲಿಗೆ ಒಯ್ಯಲು ಅನುಮತಿ ಬೇಡುವ ಹೆಂಗಸಿನಿಂದ ಅಜೀಜ್ ಲಂಚ ಕೇಳುವ ದೃಶ್ಯ ಅಲ್ಲಿಯದೇ. ದೌಲತಾಬಾದಿನ ಕೋಟೆಯ ಮೇಲೆ ಎಳೆಯ ಕಾವಲುಗಾರನಿಗೆ ಪ್ರಯಾಣದ ಸಂಕಟವನ್ನು ಹೇಳುವ ಮುದುಕನೂ ಇದ್ದಾನೆ. ಹಾಗಿದ್ದರೂ ಪ್ರೇಕ್ಷಕರ ನೆನಪಿನಲ್ಲಿ ಇವು ಹಿಂದೆ ಸರಿದುದೇಕೆ? ಕಾರಣದ ಒಂದು ಪಾಲು ರಂಗದ ರೂಢಿಯಲ್ಲಿಯೇ ಇದೆ. ಪಾರ್ಸಿ ನಾಟಕಗಳ ಕ್ರಮವನ್ನು ತಾವು ಬಳಸಿಕೊಂಡುದನ್ನು ಕಾರ್ನಾಡರೇ ವಿವರಿಸಿದ್ದಾರೆ. ಅರಮನೆಯ ದೃಶ್ಯಕ್ಕೆ ರಂಗದ ಪೂರ್ಣ ಆಳ. ಅದನ್ನು ಹಿಂದೆ ಅಣಿಗೊಳಿಸುತ್ತಿರುವಾಗ ಬೀದಿಯ ಪರದೆಯನ್ನು ಇಳಿಯಬಿಟ್ಟು ಮುಂದಿನ ಕಿರಿದಾದ ಜಾಗದಲ್ಲಿ ಹಾಸ್ಯ. ನಮ್ಮ ಕಂಪನಿ ನಾಟಕಗಳನ್ನು ಕಂಡ ಜನಕ್ಕೆ ಇದು ಚಿರಪರಿಚಿತ. ಅಜೀಜ್‌ ಮತ್ತು ಆಜಂ ಬಂದರೆಂದರೆ ಪ್ರೇಕ್ಷಕ ನಗುವುದಕ್ಕೆ ಸಿದ್ಧನಾಗುತ್ತಾನೆ, ಕಾಲು ಸಡಿಲಿಸಿ ಕೂರುತ್ತಾನೆ. ಆ ಹೊತ್ತಿಗೇ ಮಗುವನ್ನು ಎತ್ತಿಕೊಂಡ ಹೆಂಗಸು ಬರುತ್ತಾಳೆ. ನಾಟಕಕಾರ ಆ ಕಟ್ಟನ್ನು ಬೇಕೆಂದೇ ಮುರಿದಿದ್ದರೂ ನೋಡುವ ಅಭ್ಯಾಸ ಅಷ್ಟು ಬೇಗ ಮುರಿಯುವುದಿಲ್ಲ.

ಈ ಬಗೆಯ ಅಭ್ಯಾಸಕ್ಕೆ ಸ್ಥಳವೇ ಎದುರು ನಿಂತ ಪ್ರಸಂಗವೊಂದುಂಟು. ೧೯೭೪ರಲ್ಲಿ ಇಬ್ರಾಹಿಂ ಅಲ್ಕಾಜಿಯವರು ದೆಹಲಿಯ ಪುರಾನಾ ಕಿಲ್ಲೆಯ ಪಾಳುಗೋಡೆಗಳ ನಡುವೆ ಈ ನಾಟಕವನ್ನು ಆಡಿಸಿದರು. ಮನೋಹರ ಸಿಂಗ್ ತುಘಲಕನಾದರು. ಆ ಪ್ರಯೋಗದ ಭವ್ಯತೆಯನ್ನು ಎಲ್ಲರೂ ಬಲ್ಲರು. ಆದರೆ ೧೯೪೭ರಲ್ಲಿ ಪಾಕಿಸ್ತಾನಕ್ಕೆ ಹೊರಟ ದೆಹಲಿಯ ಮುಸಲ್ಮಾನರು ರೈಲಿಗಾಗಿ ಕಾದು ಮಲಗಿದ್ದುದು ಅದೇ ಕೋಟೆಯೊಳಗೆ. ಅವರು ಹೋದ ಮೇಲೆ ಪಶ್ಚಿಮ ಪಂಜಾಬಿನಿಂದ ಬಂದವರು ತಂಗಿದುದೂ ಅಲ್ಲಿಯೇ. ದೆಹಲಿಯ ಜನ ಊರು ಬಿಡುವ ನಾಟಕವನ್ನು, ಇಪ್ಪತ್ತೇಳು ವರ್ಷಗಳ ಹಿಂದೆ ದೆಹಲಿಯ ಜನ ಊರು ಬಿಟ್ಟ ನೆಲದ ಮೇಲೆ ಕುಳಿತು, ಊರು ಬಿಟ್ಟು ಬಂದವರೂ ಬಹಳವಾಗಿರುವ ನಗರದವರು ನೋಡಿದರು. ‘ತುಘಲಕ್’ ಕುರಿತ ಚರ್ಚೆಯಲ್ಲಿ ಈ ಸಂಗತಿಗೆ ನೆಹರು ಯುಗಕ್ಕೆ ದೊರೆತ ಸ್ಥಾನದ ಹತ್ತರಲ್ಲೊಂದು ಪಾಲೂ ದೊರೆತಿಲ್ಲವೆಂಬುದು ನಮ್ಮ ಅಭಿಪ್ರಾಯ.

ದಾರಿ ನಡೆದವರೇ ನಾಟಕದ ಕೇಂದ್ರವಾದರೆ ಏನಾಗುವುದೆಂಬುದಕ್ಕೆ ದೂರದ ಉದಾಹರಣೆಯೊಂದನ್ನು ಹೇಳಬಹುದು. ಸೈಗಾನ್ ನಗರ ೧೯೭೫ರ ಏಪ್ರಿಲ್ ೩೦ರಂದು ಪತನಗೊಂಡಾಗ ವಿಯೆಟ್ನಾಮಿನಿಂದ ಅಮೆರಿಕಕ್ಕೆ ಹೋದ ನಿರಾಶ್ರಿತರನ್ನು ಕುರಿತು, ಅಂಥ ದಂಪತಿಗಳ ಮಗನಾದ ಕ್ವಿ ನುಯೆನ್ ‘ವಿಯೆಟ್‌ಗಾನ್’ ಎಂಬ ನಾಟಕ ಬರೆದಿದ್ದಾನೆ. ಅದು ೨೦೧೫ರಲ್ಲಿ ಮೊದಲು ರಂಗವನ್ನೇರಿದುದು ಕ್ಯಾಲಿಫೋರ್ನಿಯದ ಆರೆಂಜ್ ಕೌಂಟಿಯಲ್ಲಿ. ಆ ಜನ ಬಹುಸಂಖ್ಯೆಯಲ್ಲಿ ನೆಲಸಿರುವ ಪ್ರದೇಶ ಅದು. ಅಲ್ಲಿ ನಿರಾಶ್ರಿತರು ನಿರರ್ಗಳವಾಗಿ ಮಾತನಾಡುತ್ತಾರೆ, ಅಮೆರಿಕದವರದೇ ತೊದಲುಮಾತು. ಕೊನೆಯಲ್ಲಿ ಮಗ ಆ ಯುದ್ಧವನ್ನು ತಪ್ಪೆಂದು ಭಾವಿಸಿ ಮಾತನಾಡಿದಾಗ ಮುದಿತಂದೆ ಒಪ್ಪುವುದಿಲ್ಲ. ಆ ಯುದ್ಧವನ್ನು ಕುರಿತ ತಂದೆಯ ನಿಲುವನ್ನು ನಾವು ಒಪ್ಪಬೇಕಾಗಿಲ್ಲ. ಆದರೆ ನಿರಾಶ್ರಿತನ ಪರವಾಗಿ ಮರುಗುವ ಸಹೃದಯನನ್ನು ನಿರಾಶ್ರಿತನೇ ತಿದ್ದುವ ಸಂದರ್ಭ ನಮ್ಮ ರಂಗದಲ್ಲಿ ವಿರಳ.

ಕಳೆದ ವರ್ಷ ಬೋಗಾದಿಯ ನಮ್ಮ ಮನೆಯ ಜಗುಲಿಯಲ್ಲಿ ವಿದ್ಯಾರ್ಥಿಗಳೊಡನೆ ‘ತುಘಲಕ್’ ನಾಟಕವನ್ನು ಗಟ್ಟಿಯಾಗಿ ಓದಿದೆವು. ಸುಲ್ತಾನನ ಪಾತ್ರಕ್ಕೆ ನಾಲ್ವರು ಮುಂದೆ ಬಂದರು, ಕಾವಲು ಮುದುಕನಿಗೆ ಯಾರೂ ಬರಲಿಲ್ಲ. ಓದು ಮುಗಿದ ಬಳಿಕ ನೆಹರು, ಆದರ್ಶ, ಚರ್ಮದ ನಾಣ್ಯ ಎಂದು ಎಂದಿನ ಮಾತೇ ನಡೆಯಿತು. (ನಾಣ್ಯ ಚರ್ಮದ್ದಲ್ಲ, ತಾಮ್ರ ಹಿತ್ತಾಳೆಗಳದೆಂದು ಪ್ರತಿ ವರ್ಷವೂ ಹೇಳಬೇಕಾಗುತ್ತದೆ.) ಆಗ ಅದುವರೆಗೆ ಸುಮ್ಮನಿದ್ದ ವಿದ್ಯಾರ್ಥಿನಿಯೊಬ್ಬಳು, ತನ್ನ ಮುತ್ತಜ್ಜನ ಮನೆಯವರು ಹಳೆಯ ಕನ್ನಂಬಾಡಿಯ ಕಡೆಯಿಂದ ನೀರು ಏರಿದಾಗ ಎದ್ದು ಬಂದವರೆಂದೂ, ದೌಲತಾಬಾದಿಗೆ ಹೊರಟವರು ಬೀಸುವ ಕಲ್ಲನ್ನು ತೆಗೆದುಕೊಂಡು ಹೋದರೋ ಬಿಟ್ಟು ಹೋದರೋ ಪುಸ್ತಕದಲ್ಲಿ ಇದೆಯೇ ಎಂದೂ ಕೇಳಿದಳು.

ನಮ್ಮಲ್ಲಿ ಉತ್ತರವಿರಲಿಲ್ಲ. ನಾಟಕ ಅಚ್ಚಾದ ೧೯೬೪ರಲ್ಲಿಯೇ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಕಣಿವೆಯ ಹಳ್ಳಿಗಳು ಮುಳುಗಿದುವು, ನಾ. ಡಿಸೋಜರ ಕಾದಂಬರಿಗಳು ಆ ಜನರನ್ನು ಕುರಿತು ಬಂದುದು ತರುವಾಯ. ೧೯೬೦ರಿಂದಲೇ ಟಿಬೆಟ್ಟಿನವರು ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ಕಾಡು ಕಡಿದು ನೆಲಸತೊಡಗಿದ್ದರು. ಊರು ಬಿಟ್ಟವರು ಇಷ್ಟು ಹತ್ತಿರದಲ್ಲಿರುವಾಗ ನಾವು ಓದಿಸುತ್ತ ಬಂದುದು ಸಿಂಹಾಸನವನ್ನು ಮಾತ್ರ. ಮರುವಾರ ಆ ಗುಂಪಿಗೆ ಇಸಾಮಿಯ ಅಜ್ಜನ ಮರಣದ ಸಂಗತಿಯನ್ನು ಹೇಳಿದೆವು. ಹುಡುಗಿ ತಿಲಪತ್ ಎಲ್ಲಿದೆಯೆಂದು ಭೂಪಟದಲ್ಲಿ ಹುಡುಕಿದಳು. ದೆಹಲಿಗೆ ಅಷ್ಟು ಸಮೀಪವೇ ಎಂದಳು.